ಓದುಗರ ಪ್ರಶ್ನೆ: ಟ್ರ್ಯಾಪ್ ಮೆಲೊಡಿ ಎಲ್ಲಿ ನಿಲ್ಲಬೇಕು?

ಕಳೆದ ಸಲ ಟ್ರ್ಯಾಪ್ ಎಂಬ ರ್‍ಯಾಪ್ ಶೈಲಿಯ ಬೀಟ್‌ಗಳಲ್ಲಿ ಬರುವ ಹೈಹ್ಯಾಟ್ (ಡ್ರಮ್‌ನ ಜೋಡಿ ತಾಳದ ಸದ್ದು) ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ಮಾತು ಹೇಳಿವೆ: ಡ್ರಮ್ ಕೂಡಿ ಬರುತ್ತಿದೆ, ಮೆಲೊಡಿ ಮಾತ್ರ ಬರುತ್ತಿಲ್ಲ. ಹಾಗಾಗಿ ಈ ಸಲದ ಜಾಗವೆಲ್ಲ ಮೈನರ್ ಸ್ಕೇಲ್‌ಗೆ, ಅದರಲ್ಲಿ ಟ್ರ್ಯಾಪ್ ಮೆಲೊಡಿ ಕಟ್ಟುವ ಕೆಲಸಕ್ಕೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸರ್, ಪಿಯಾನೋ ರೋಲ್‌ನಲ್ಲಿ (ಸಾಫ್ಟ್‌ವೇರ್‌ನಲ್ಲಿ ನೋಟ್ ಹಾಕುವ ಚೌಕಳಿ) ಎ ಮೈನರ್ ಸ್ಕೇಲ್ ಹೈಲೈಟ್ ಮಾಡಿಕೊಂಡು ಅದರೊಳಗೇ ನೋಟ್ ಹಾಕುತ್ತೇನೆ. ಒಂದೂ ತಪ್ಪು ನೋಟ್ ಇರುವುದಿಲ್ಲ. ಆದರೂ ಕೇಳಿದರೆ ಯಾರೋ ಪಾಠ ಒಪ್ಪಿಸಿದ ಹಾಗಿರುತ್ತದೆ. ದುಃಖವೂ ಇಲ್ಲ, ಗತ್ತೂ ಇಲ್ಲ. ಒಂದು ಲೂಪ್ ಕಳಿಸಿದ್ದೇನೆ, ಕೇಳಿ ಹೇಳಿ.

ಉತ್ತರ: ಕೇಳಿದೆ. ಪಿಯಾನೋ ರೋಲ್ ತೆರೆದು ನೋಟ್ ಎಣಿಸಿಯೂ ನೋಡಿದೆ. ನಾಲ್ಕು ಬಾರ್‌ಗೆ (ಒಂದು ಬಾರ್ ಎಂದರೆ ನಾಲ್ಕು ಬಡಿತ) 32 ನೋಟ್ ಇವೆ. ಒಂದೊಂದೂ ಸರಿಯಾಗಿ ಎರಡು ಸ್ಟೆಪ್ (ಸ್ಟೆಪ್ ಎಂದರೆ ಬಾರ್‌ನ ಹದಿನಾರನೇ ಒಂದು ಭಾಗ). ಎಲ್ಲೂ ಬಿಡುವಿಲ್ಲ. ಸ್ಕೇಲ್ ಹತ್ತುತ್ತೀರಿ, ಇಳಿಯುತ್ತೀರಿ, ಮತ್ತೆ ಹತ್ತುತ್ತೀರಿ. ನಿಮ್ಮ ನೋಟ್‌ಗಳಲ್ಲಿ ತಪ್ಪಿಲ್ಲ ಎಂಬುದು ನಿಜ. ಆದರೆ ಸ್ಕೇಲ್ ಎಂದರೆ ಯಾವ ನೋಟ್ ಬಳಸಬಹುದು ಎಂಬ ಪಟ್ಟಿ, ಅಷ್ಟೇ. ಯಾವ ನೋಟ್ ಮೇಲೆ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ, ಮತ್ತು ಕೇಳುವವರ ಎದೆ ಹಿಂಡುವ ಸಂಗತಿಯೆಲ್ಲ ಇರುವುದು ಅಲ್ಲೇ.

ಸುಮ್ನೆ ಮಾತು ಬೇಡ, ಒಂದು ಕಟ್ಟಿ ತೋರಿಸುತ್ತೇನೆ. ಟೆಂಪೋ 140 ಇಡಿ, ಅಂದರೆ ನಿಮಿಷಕ್ಕೆ 140 ಬಡಿತ. ಒಂದು ಬಾರ್‌ಗೆ 16 ಸ್ಟೆಪ್. ಮೊದಲು ಯಾವುದಾದರೂ ಸಾದಾ ಬೇಸ್ ತಗೊಂಡು ಬಾರ್‌ಗೆ ಒಂದರಂತೆ ಎ, ಜಿ, ಎಫ್, ಇ ಎಂದು ನಾಲ್ಕು ನೋಟ್ ಇಳಿಸಿ. ಈಗ ಅದರ ಮೇಲೆ ಒಂದು ಮಂದವಾದ ಪಿಯಾನೋ ಅಥವಾ ಬೆಲ್. ಮೊದಲ ಬಾರ್‌ನಲ್ಲಿ ಇ ಆರು ಸ್ಟೆಪ್, ಡಿ ಎರಡು ಸ್ಟೆಪ್, ಸಿ ನಾಲ್ಕು ಸ್ಟೆಪ್. ಉಳಿದ ನಾಲ್ಕು ಸ್ಟೆಪ್ ಖಾಲಿ. ಎರಡನೇ ಬಾರ್‌ನಲ್ಲಿ ಉದ್ದ ಅದೇ, ನೋಟ್ ಮಾತ್ರ ಇ, ಡಿ, ಬಿ. ಮೂರನೆಯದರಲ್ಲಿ ಎಫ್, ಇ, ಸಿ. ನಾಲ್ಕನೆಯದರಲ್ಲಿ ಡಿ, ಸಿ, ಬಿ. ಒಟ್ಟು 12 ನೋಟ್. ನಿಮ್ಮ 32ರ ಅರ್ಧಕ್ಕಿಂತ ಕಡಿಮೆ.

ಪ್ಲೇ ಮಾಡಿ, ಐದಾರು ಸುತ್ತು ಕೇಳಿ. ನಾಲ್ಕು ಬಾರ್ ಮುಗಿಯಲು 7 ಸೆಕೆಂಡ್ ಕೂಡ ಹಿಡಿಯುವುದಿಲ್ಲ, ಆದರೆ ಅಷ್ಟರಲ್ಲಿ ಎಷ್ಟೊಂದು ನಡೆಯುತ್ತದೆ ನೋಡಿ. ಮೊದಲ ಬಾರ್ ಸಿ ಮೇಲೆ ನಿಲ್ಲುತ್ತದೆ, ಕೆಳಗೆ ಬೇಸ್ ಎ ಇದೆ, ಎರಡೂ ಸೇರಿದ ಕೂಡಲೇ ಇದು ಮೈನರ್ ಎಂದು ಕಿವಿಗೆ ಗೊತ್ತಾಗುತ್ತದೆ. ಎರಡನೇ ಬಾರ್ ಹಾಗೇ ಶುರುವಾಗುತ್ತದೆ, ಕೇಳುವವರು ಮತ್ತೆ ಸಿ ಬರುತ್ತದೆ ಎಂದುಕೊಳ್ಳುತ್ತಾರೆ, ಅದು ಒಂದು ಮೆಟ್ಟಿಲು ಕೆಳಗೆ ಬಿ ಮೇಲೆ ಹೋಗಿ ನಿಲ್ಲುತ್ತದೆ. ಮೂರನೇ ಬಾರ್ ನನಗೆ ತುಂಬ ಇಷ್ಟ. ಎಫ್ ಆರು ಸ್ಟೆಪ್ ನಿಂತು ಇ ಕಡೆಗೆ ಜಾರುತ್ತದಲ್ಲ, ಆ ಎರಡು ನೋಟ್ ನಡುವೆ ಇರುವುದು ಬರೀ ಒಂದು ಸೆಮಿಟೋನ್, ಅಂದರೆ ಒಂದು ಕೀಯಿಂದ ಪಕ್ಕದ ಕೀಗೆ ಇರುವಷ್ಟು ಅಂತರ. ಮೈನರ್ ಸ್ಕೇಲ್‌ನ ಆರನೇ ನೋಟ್ ಐದನೆಯದರ ಮೇಲೆ ಒರಗಿಕೊಂಡ ಹಾಗೆ ಕೂತಿರುತ್ತದೆ, ಅದನ್ನು ಸ್ವಲ್ಪ ಹಿಡಿದು ಬಿಟ್ಟರೆ ನಿಟ್ಟುಸಿರು ಬಿಟ್ಟ ಹಾಗೆ ಕೇಳಿಸುತ್ತದೆ. ನಾಲ್ಕನೇ ಬಾರ್ ಮತ್ತೆ ಬಿ ಮೇಲೆ ನಿಂತು ಮಾತು ಮುಗಿಸದೆ ಬಿಡುತ್ತದೆ. ಅದಕ್ಕೇ ಲೂಪ್ ಮೊದಲಿಗೆ ಬಂದಾಗ ಬೇಸರವಾಗುವುದಿಲ್ಲ. ಬರಲೇಬೇಕಿತ್ತು ಅನ್ನಿಸುತ್ತದೆ.

ಇನ್ನೊಂದು ಸಂಗತಿ ಗಮನಿಸಿದಿರಾ? ಆ 12 ನೋಟ್‌ಗಳಲ್ಲಿ ಎ ಒಂದು ಸಲವೂ ಇಲ್ಲ. ಎ ಮೈನರ್‌ನ ಮನೆ ನೋಟ್ ಎ. ಅದನ್ನು ಬೇಸ್‌ಗೆ ಬಿಟ್ಟುಕೊಟ್ಟು ಮೆಲೊಡಿ ಮನೆಯ ಸುತ್ತ ಓಡಾಡುತ್ತಿದೆ, ಒಳಗೆ ಹೋಗುತ್ತಿಲ್ಲ. ಈಗ ಕೊನೆಯ ಬಿ ತೆಗೆದು ಎ ಹಾಕಿ, ಅದರ ಕೆಳಗಿನ ಬೇಸ್ ಕೂಡ ಎ ಮಾಡಿ ಕೇಳಿ. ಕಥೆ ಮುಗಿದು ಹೋಯಿತು ಅನ್ನಿಸುತ್ತದೆ ಅಲ್ವಾ? ಹಾಡಿನ ಕೊನೆಗೆ ಅದು ಸರಿ. ಲೂಪ್‌ಗೆ ಅದು ಬೇಡ.

ನೀವು ಕಳಿಸಿದ ಲೂಪ್ ಎಸೆಯಬೇಡಿ. ಅದರಲ್ಲಿ ಎರಡನೇ ಬಾರ್‌ನ ಮೊದಲ ಮೂರು ನೋಟ್ ಚೆನ್ನಾಗಿವೆ. ಬೇರೆ ಎಲ್ಲ ಅಳಿಸಿ, ಆ ಮೂರನ್ನು ಇಟ್ಟುಕೊಂಡು ಮತ್ತೆ ಶುರು ಮಾಡಿ.

ಪ್ರಶ್ನೆ: ನ್ಯಾಚುರಲ್ ಮೈನರ್, ಹಾರ್ಮೋನಿಕ್ ಮೈನರ್, ಫ್ರಿಜಿಯನ್ ಎಂದೆಲ್ಲ ಹೇಳುತ್ತಾರೆ. ಟ್ರ್ಯಾಪ್‌ಗೆ ಯಾವುದು ಸರಿ? ನಾನು ಕೆಲವು ವರ್ಷ ಸಂಗೀತ ಕಲಿತಿದ್ದೇನೆ. ಹಾರ್ಮೋನಿಕ್ ಮೈನರ್ ಎಂದರೆ ಕೀರವಾಣಿಯೇ ಎಂದು ಗೆಳತಿ ಹೇಳುತ್ತಾಳೆ, ಹೌದಾ?

ಉತ್ತರ: ಸ್ವರಗಳ ಜಾಗ ನೋಡಿದರೆ ಹೌದು, ಗೆಳತಿ ಹೇಳಿದ್ದು ಸರಿ. ನ್ಯಾಚುರಲ್ ಮೈನರ್‌ನ ಸ್ವರಗಳು ನಟಭೈರವಿಯವು, ಹಾರ್ಮೋನಿಕ್ ಮೈನರ್‌ನವು ಕೀರವಾಣಿಯವು, ಫ್ರಿಜಿಯನ್‌ನವು ತೋಡಿಯವು. ಗಮಕ, ಸಂಚಾರ, ರಾಗದ ಜೀವ ಎಲ್ಲ ಬೇರೆಯೇ, ಅದನ್ನು ಬೀಟ್‌ಗೆ ಎಳೆದು ತರಬೇಕಾಗಿಲ್ಲ. ಆದರೆ ನಿಮ್ಮ ಕಿವಿಗೆ ಈ ಮೂರೂ ಮೊದಲೇ ಪರಿಚಯ ಇವೆ ಎನ್ನುವುದು ದೊಡ್ಡ ಅನುಕೂಲ.

ಕಲಿಯದೇ ಇರುವವರಿಗೆ ಎಣಿಸುವ ದಾರಿ ಹೇಳುತ್ತೇನೆ. ಮನೆ ನೋಟ್‌ಗೆ ಸೊನ್ನೆ ಎನ್ನಿ. ಅಲ್ಲಿಂದ ಬಿಳಿ ಕಪ್ಪು ಎನ್ನದೆ ಒಂದೊಂದು ಕೀ ಎಣಿಸುತ್ತ ಹೋದರೆ ನ್ಯಾಚುರಲ್ ಮೈನರ್ 0, 2, 3, 5, 7, 8, 10. ಹಾರ್ಮೋನಿಕ್‌ನಲ್ಲಿ ಕೊನೆಯ 10 ಮಾತ್ರ 11 ಆಗುತ್ತದೆ. ಫ್ರಿಜಿಯನ್‌ನಲ್ಲಿ 2ರ ಬದಲು 1. ಇಷ್ಟೇ ವ್ಯತ್ಯಾಸ. ಆದರೆ ಈ ಒಂದು ನೋಟ್ ಆಚೀಚೆ ಆಗುವುದರಿಂದ ಬೀಟ್‌ನ ಮುಖವೇ ಬದಲಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಆರು ತಿಂಗಳು ನ್ಯಾಚುರಲ್ ಮೈನರ್ ಬಿಟ್ಟು ಬೇರೆ ಕಡೆ ಹೋಗಲೇಬೇಡಿ. ಅದು ಸಮಾಧಾನದ ದುಃಖ, ರಾತ್ರಿ ಒಬ್ಬರೇ ಕೂತು ಯೋಚನೆ ಮಾಡುವ ಹಾಗೆ. ಹಾಡುವವರಿಗೂ ಅದು ಸುಲಭ. ಹಾರ್ಮೋನಿಕ್‌ನಲ್ಲಿ 8 ಮತ್ತು 11ರ ನಡುವೆ ಮೂರು ಸೆಮಿಟೋನ್ ಅಂತರ ಬೀಳುತ್ತದೆ, ಆ ಅಂತರ ದಾಟುವಾಗ ಒಂದು ನಾಟಕೀಯ ಛಾಯೆ ಬರುತ್ತದೆ. ಚೆಂದವೇ. ಆದರೆ ಎಲ್ಲ ಬಾರ್‌ನಲ್ಲೂ ಅದನ್ನೇ ಹಾಕಿದರೆ ಎರಡನೇ ಸುತ್ತಿಗೆ ಕಿವಿ ಸೋಲುತ್ತದೆ. ಒಳ್ಳೆಯ ಜಾಗ ಎಂದರೆ ಲೂಪ್‌ನ ಕೊನೆ. ಮೇಲೆ ಕಟ್ಟಿದ ಮೆಲೊಡಿಯನ್ನೇ ತಗೊಳ್ಳಿ, ನಾಲ್ಕನೇ ಬಾರ್‌ನಲ್ಲಿ ಕೊನೆಗೆ ನಾಲ್ಕು ಸ್ಟೆಪ್ ಖಾಲಿ ಇದೆಯಲ್ಲ, ಅದರ ಕೊನೆಯ ಎರಡು ಸ್ಟೆಪ್‌ನಲ್ಲಿ ಮೆಲ್ಲಗೆ ಒಂದು ಜಿ ಶಾರ್ಪ್ ಇಡಿ. ಕೆಳಗೆ ಬೇಸ್ ಇ ಇದೆ. ಜಿ ಶಾರ್ಪ್ ಎ ಕಡೆಗೆ ಕೈ ಚಾಚುತ್ತದೆ, ಮುಂದಿನ ಕ್ಷಣದಲ್ಲಿ ಲೂಪ್ ಮೊದಲಿಗೆ ಬಂದು ಬೇಸ್ ಎ ಹೊಡೆಯುತ್ತದೆ. ಒಂದು ಸಲ ಕೇಳಿದರೆ ಸಾಕು, ಹಾರ್ಮೋನಿಕ್ ಮೈನರ್ ಯಾಕೆ ಇದೆ ಎಂದು ಅರ್ಥವಾಗುತ್ತದೆ.

ಫ್ರಿಜಿಯನ್ ಬೆದರಿಸುವ ಬೀಟ್‌ಗೆ. ಮನೆ ನೋಟ್‌ನ ಪಕ್ಕದಲ್ಲೇ, ಒಂದೇ ಸೆಮಿಟೋನ್ ಮೇಲೆ ಇನ್ನೊಂದು ನೋಟ್ ಕೂತಿರುತ್ತದೆ. 808ನಲ್ಲಿ (ಟ್ರ್ಯಾಪ್‌ನ ಆಳವಾದ ಬೇಸ್ ಸದ್ದು, ಮುಂದೆ ಹೇಳುತ್ತೇನೆ) ಎ, ಬಿ ಫ್ಲ್ಯಾಟ್, ಎ ಎಂದು ಮೂರೇ ನೋಟ್ ನಿಧಾನಕ್ಕೆ ಹೊಡೆದು ನೋಡಿ. ಮೆಲೊಡಿ ಬೇಕು ಎಂದೇ ಅನ್ನಿಸುವುದಿಲ್ಲ.

ಪ್ರಶ್ನೆ: ಟ್ರ್ಯಾಪ್ ಯಾಕೆ ಯಾವಾಗಲೂ ಮೈನರ್? ಮೇಜರ್‌ನಲ್ಲಿ ಮಾಡಬಾರದು ಎಂದು ನಿಯಮ ಇದೆಯಾ?

ಉತ್ತರ: ನಿಯಮ ಏನೂ ಇಲ್ಲ. ಮೇಜರ್‌ನಲ್ಲೂ ಒಳ್ಳೆಯ ಬೀಟ್‌ಗಳಿವೆ. ಆದರೆ ಈ ಸಂಗೀತ ಹುಟ್ಟಿದ ಜಾಗ ನೋಡಿದರೆ ಮೈನರ್ ಕಡೆ ವಾಲಿದ್ದು ಯಾಕೆ ಎಂದು ತಿಳಿಯುತ್ತದೆ. ಅಮೆರಿಕದ ದಕ್ಷಿಣದ ಅಟ್ಲಾಂಟಾ ನಗರದಲ್ಲಿ ಟ್ರ್ಯಾಪ್ ಎಂದರೆ ಮಾದಕ ವಸ್ತು ಮಾರುವ ಮನೆ. ಒಳಗೆ ಹೋದವರು ಸುಲಭಕ್ಕೆ ಹೊರಗೆ ಬರುವುದಿಲ್ಲ ಎನ್ನುವ ಅರ್ಥವೂ ಆ ಪದದಲ್ಲೇ ಇದೆ. ಆ ಹಾಡುಗಳು ಹೇಳುವುದು ಭಯ, ಎಚ್ಚರ, ದುಡ್ಡು, ಕಳೆದುಕೊಂಡ ಗೆಳೆಯರು. 2003ರಲ್ಲಿ ಅಟ್ಲಾಂಟಾದ ರ್‍ಯಾಪರ್ ಟಿ.ಐ. ತಮ್ಮ ಆಲ್ಬಮ್‌ನ ಹೆಸರಿನಲ್ಲೇ ಈ ಪದ ಇಟ್ಟ ಮೇಲೆ ಅದು ಒಂದು ಶೈಲಿಯ ಹೆಸರಾಗಿ ಗಟ್ಟಿಯಾಯಿತು. ಅಲ್ಲಿನ ನಿರ್ಮಾಪಕ ಝೇಟೋವೆನ್ ಚರ್ಚ್‌ನಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು, ಅವರ ಬೀಟ್‌ಗಳ ಪಿಯಾನೋ ಮತ್ತು ಆರ್ಗನ್‌ನಲ್ಲಿ ಆ ಕೈ ಗೊತ್ತಾಗುತ್ತದೆ. 2010ರ ಹೊತ್ತಿಗೆ ಲೆಕ್ಸ್ ಲೂಗರ್ ದೊಡ್ಡ ಬ್ರಾಸ್, ಸ್ಟ್ರಿಂಗ್ಸ್ ಇಟ್ಟು ಸಿನಿಮಾದ ಖಳನಾಯಕ ಬಂದ ಹಾಗೆ ಮೆಲೊಡಿ ಮಾಡಿದರು. ಅದಾದ ಮೇಲೆ ಬಂದವರು ಅದನ್ನೇ ಮೆತ್ತಗೆ ಮಾಡಿ ಬೆಲ್, ಕೊಳಲು, ಗಿಟಾರ್ ಕಡೆ ಬಂದರು.

ನೋವಿನ ಕಥೆಗೆ ಮೈನರ್ ಬಂದು ಕೂತಿತು. ನಿಮ್ಮ ಕಥೆ ಬೇರೆ ಇದ್ದರೆ ಸ್ಕೇಲ್ ಕೂಡ ಬೇರೆ ಇರಲಿ.

ಪ್ರಶ್ನೆ: ಎ ಮೈನರ್‌ನಲ್ಲಿ ಮಾಡಿದೆ ಎಂದು ನಾನು ಅಂದುಕೊಂಡಿದ್ದೆ. ಕೇಳಿದವರೆಲ್ಲ ಖುಷಿಯಾಗಿದೆ ಎನ್ನುತ್ತಾರೆ. ಎ ಮೈನರ್, ಸಿ ಮೇಜರ್ ಎರಡರಲ್ಲೂ ಅವೇ ಬಿಳಿ ಕೀಗಳು ತಾನೆ? ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಉತ್ತರ: ಒಳ್ಳೆಯ ಪ್ರಶ್ನೆ, ಮತ್ತು ಇದಕ್ಕೂ ಉತ್ತರ ಅದೇ: ಎಲ್ಲಿ ನಿಲ್ಲುತ್ತೀರಿ ಎನ್ನುವುದರಲ್ಲಿ. ಏಳು ನೋಟ್ ಅವೇ. ನಿಮ್ಮ ಮೆಲೊಡಿ ಪದೇಪದೇ ಸಿ ಮೇಲೆ ಬಂದು ನಿಂತು, ಬೇಸ್ ಕೂಡ ಬಾರ್‌ನ ಮೊದಲ ಹೊಡೆತದಲ್ಲಿ ಸಿ ಹೊಡೆದರೆ, ಕಿವಿ ಅದನ್ನೇ ಮನೆ ಎಂದು ತಿಳಿಯುತ್ತದೆ. ಸಾಫ್ಟ್‌ವೇರ್‌ನಲ್ಲಿ ಮೈನರ್ ಎಂದು ಆರಿಸಿದ್ದು ಕಿವಿಗೆ ಹೇಗೆ ಗೊತ್ತಾಗಬೇಕು?

ಮೆಲೊಡಿ ಮುಟ್ಟಬೇಡಿ. ಬೇಸ್‌ನಲ್ಲಿ ಮೊದಲ ಬಾರ್‌ನ ಸಿ ತೆಗೆದು ಎ ಹಾಕಿ, ಜಿ ಇದ್ದ ಕಡೆ ಇ ಹಾಕಿ. ಹೆಚ್ಚಿನ ಸಲ ಅಷ್ಟರಲ್ಲೇ ಬೆಳಕು ಆರಿಸಿದ ಹಾಗೆ ಮೆಲೊಡಿ ಕಪ್ಪಾಗುತ್ತದೆ.

ಪ್ರಶ್ನೆ: ಮೆಲೊಡಿ ಒಂದೇ ಕೇಳಿದರೆ ಚೆನ್ನಾಗಿರುತ್ತದೆ. 808 ಸೇರಿಸಿದ ತಕ್ಷಣ ಎಲ್ಲ ಕಲಸಿಹೋಗುತ್ತದೆ, ಏನೋ ಹುಳಿ ಹಿಂಡಿದ ಹಾಗಾಗುತ್ತದೆ. ಎರಡೂ ಒಂದೇ ಕೀ ಎಂದು ಎರಡೆರಡು ಸಲ ನೋಡಿದ್ದೇನೆ.

ಉತ್ತರ: ಇದೇ ಜಾಗದಲ್ಲಿ ನಾನು ಒಂದು ತಿಂಗಳು ಒದ್ದಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು 808 ಏನು ಎಂದು ನೆನಪಿರಲಿ. ಜಪಾನ್‌ನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಎಂಬ ಡ್ರಮ್ ಮಷಿನ್ ಅದು, 1983ರಲ್ಲಿ ತಯಾರಿಕೆಯೇ ನಿಂತಿತು. ಅದರ ಬೇಸ್ ಡ್ರಮ್ ಹೊಡೆದರೆ ಡುಬ್ ಎಂದು ನಿಲ್ಲದೆ, ಡೀಕೇ (ಸದ್ದು ಎಷ್ಟು ಹೊತ್ತು ಉಳಿಯಬೇಕು ಎಂಬ ಗುಂಡಿ) ತಿರುಗಿಸಿದಷ್ಟೂ ಎಳೆದುಕೊಂಡು ಹೋಗುತ್ತಿತ್ತು. ಹಾಗೆ ಎಳೆಯುವ ಸದ್ದಿಗೆ ಒಂದು ಸ್ಥಿರವಾದ ಪಿಚ್ ಇರುತ್ತದೆ. ಪಿಚ್ ಇದೆ ಎಂದ ಮೇಲೆ ಅದು ಡ್ರಮ್ ಅಷ್ಟೇ ಅಲ್ಲ, ಬೇಸ್ ವಾದ್ಯವೂ ಹೌದು. ನೀವು ಅದನ್ನು ಶ್ರುತಿ ಮಾಡಲೇಬೇಕು.

ನನಗೆ ಆಗಿದ್ದು ಹೀಗೆ. ಒಂದು ಸ್ಯಾಂಪಲ್ ಪ್ಯಾಕ್‌ನಿಂದ 808 ತಗೊಂಡಿದ್ದೆ. ಫೈಲ್ ಹೆಸರಿನಲ್ಲಿ ಸಿ ಎಂದಿತ್ತು. ಅದನ್ನೇ ನಂಬಿ ಸ್ಯಾಂಪ್ಲರ್‌ನಲ್ಲಿ (ಸದ್ದಿನ ತುಣುಕನ್ನು ಕೀಗಳ ಮೇಲೆ ನುಡಿಸುವ ಸಾಧನ) ಸಿ ಮೇಲೆ ಕೂರಿಸಿ, ಒಂದು ತಿಂಗಳು ಮಾಡಿದ ಎಲ್ಲ ಬೀಟ್‌ಗೂ ಅದನ್ನೇ ಹಾಕಿದೆ. ಎಲ್ಲದರಲ್ಲೂ ನೀವು ಹೇಳಿದ ಅದೇ ಹುಳಿ. ಮೆಲೊಡಿ ಬದಲಾಯಿಸಿದೆ, ಸ್ಕೇಲ್ ಬದಲಾಯಿಸಿದೆ, ನನ್ನ ಕಿವಿಯ ಮೇಲೇ ಅನುಮಾನ ಬಂತು. ಕೊನೆಗೆ ಒಂದು ರಾತ್ರಿ ಆ 808 ಅನ್ನು ಎರಡು ಆಕ್ಟೇವ್ (ಸ್ಥಾಯಿ) ಮೇಲೆ ಏರಿಸಿ, ಪಕ್ಕದಲ್ಲಿ ಪಿಯಾನೋದ ಸಿ ಒತ್ತಿದೆ. ಎರಡೂ ಒಂದಕ್ಕೊಂದು ಉಜ್ಜಿ ಅಲೆಅಲೆಯಾಗಿ ಕಂಪಿಸಿದವು. ಪಿಯಾನೋದಲ್ಲಿ ಸಿ ಶಾರ್ಪ್ ಒತ್ತಿದೆ, ಕಂಪನ ನಿಂತಿತು. ಫೈಲ್ ಹೆಸರೇ ತಪ್ಪಾಗಿತ್ತು. ಒಂದು ಸೆಮಿಟೋನ್ ಸರಿಮಾಡಿದ ಮೇಲೆ ಹಳೆಯ ಬೀಟ್‌ಗಳೆಲ್ಲ ತೆರೆದುಕೊಂಡ ಹಾಗೆ ಕೇಳಿಸಿದವು, ಆ ರಾತ್ರಿ ನಿದ್ದೆ ಬರಲಿಲ್ಲ.

ನೀವೂ ಅದನ್ನೇ ಮಾಡಿ. ಕೆಳಗಿನ ಆಕ್ಟೇವ್‌ನಲ್ಲಿ ಶ್ರುತಿ ಕೇಳಿಸುವುದು ಕಷ್ಟ, ಮೇಲೆ ಏರಿಸಿದರೆ ತಕ್ಷಣ ಗೊತ್ತಾಗುತ್ತದೆ. ಟ್ಯೂನರ್ ಪ್ಲಗಿನ್ ಇದ್ದರೆ ಅದನ್ನೂ ಹಾಕಿ ನೋಡಿ, ಆದರೆ ಹೊಡೆತದ ಮೊದಲ ಕ್ಷಣ ಬಿಟ್ಟು ಎಳೆಯುವ ಭಾಗ ನೋಡಬೇಕು. ಶುರುವಿನಲ್ಲಿ ಪಿಚ್ ಮೇಲಿನಿಂದ ಕೆಳಗೆ ಬೀಳುತ್ತಿರುತ್ತದೆ, ಅಲ್ಲಿ ಟ್ಯೂನರ್ ಏನೇನೋ ತೋರಿಸುತ್ತದೆ.

ಶ್ರುತಿ ಸರಿ ಇದ್ದರೂ ಕಲಸಿದರೆ ಇನ್ನೆರಡು ಕಡೆ ನೋಡಿ. ಒಂದು, 808 ನೋಟ್‌ಗಳು ಒಂದರ ಮೇಲೊಂದು ಬೀಳುತ್ತಿರಬಹುದು. ಎ ಇನ್ನೂ ಎಳೆಯುತ್ತಿರುವಾಗಲೇ ಜಿ ಬಂದರೆ 55 ಹರ್ಟ್ಜ್ ಮತ್ತು 49 ಹರ್ಟ್ಜ್ ಒಟ್ಟಿಗೆ ಗುಡುಗುತ್ತವೆ, ಯಾವ ಸ್ಪೀಕರ್‌ನಲ್ಲೂ ಅದು ಚೆನ್ನಾಗಿರುವುದಿಲ್ಲ. ಸ್ಯಾಂಪ್ಲರ್‌ನಲ್ಲಿ ಮೋನೋ ಇಡಿ, ಹೊಸ ನೋಟ್ ಬಂದರೆ ಹಳೆಯದು ನಿಲ್ಲಲಿ. ಎರಡನೆಯದು ಮೆಲೊಡಿಯ ಕೆಳಭಾಗ. ಪಿಯಾನೋ, ಪ್ಯಾಡ್ ಪ್ರೀಸೆಟ್‌ಗಳಲ್ಲಿ ಕೇಳಿಸದ ಹಾಗೆ ಕೆಳಗೆ ತುಂಬ ಸದ್ದು ತುಂಬಿರುತ್ತದೆ. 150 ಹರ್ಟ್ಜ್ ಕೆಳಗಿನದನ್ನು ಇಕ್ಯೂನಲ್ಲಿ ಕತ್ತರಿಸಿ. ಮೆಲೊಡಿ ತೆಳ್ಳಗಾಯಿತು ಎಂದು ಹೆದರಬೇಡಿ, 808 ಜೊತೆ ಕೇಳಿ.

ಮೊಬೈಲ್‌ನಲ್ಲಿ ಕೇಳುವವರಿಗೆ 55 ಹರ್ಟ್ಜ್ ಬರುವುದೇ ಇಲ್ಲ, ಆ ಸಣ್ಣ ಸ್ಪೀಕರ್‌ಗೆ ಅಷ್ಟು ಕೆಳಗೆ ಇಳಿಯಲು ಆಗುವುದಿಲ್ಲ. 808ಗೆ ಸ್ವಲ್ಪ ಸ್ಯಾಚುರೇಶನ್ (ಸದ್ದಿಗೆ ತುಸು ಒಡಕು ಸೇರಿಸುವ ಎಫೆಕ್ಟ್) ಹಾಕಿದರೆ 110, 165 ಹರ್ಟ್ಜ್‌ನಲ್ಲಿ ಅದರ ಮೇಲಿನ ಸ್ವರಗಳು ಎದ್ದು ಬರುತ್ತವೆ, ಅವುಗಳಿಂದ ಕಿವಿ ಕೆಳಗಿನ ನೋಟ್ ಯಾವುದು ಎಂದು ಊಹಿಸಿಕೊಳ್ಳುತ್ತದೆ. ಶ್ರುತಿ ತಪ್ಪಿದ್ದರೆ ಆ ಮೇಲಿನ ಸ್ವರಗಳೂ ತಪ್ಪಿರುತ್ತವೆ, ಆಗ ಮೊಬೈಲ್‌ನಲ್ಲೂ ಹುಳಿಯೇ.

ಪ್ರಶ್ನೆ: ಸಾಫ್ಟ್‌ವೇರ್‌ನಲ್ಲಿ ಹಾಫ್ ಸ್ಪೀಡ್ ಹಾಕಿದರೆ ಸಾಧಾರಣ ಮೆಲೊಡಿ ಕೂಡ ಚೆನ್ನಾಗಿ ಕೇಳಿಸುತ್ತದೆ. ಇದು ಮೋಸವಾ?

ಉತ್ತರ: ಮೋಸ ಅಲ್ಲ, ಖಂಡಿತ ಬಳಸಿ. ವೇಗ ಅರ್ಧ ಮಾಡಿದರೆ ಪಿಚ್ ಒಂದು ಆಕ್ಟೇವ್ ಇಳಿಯುತ್ತದೆ, ಪ್ರತಿ ನೋಟ್ ಎರಡರಷ್ಟು ಉದ್ದವಾಗುತ್ತದೆ. ಆಕ್ಟೇವ್ ಇಳಿದರೂ ನೋಟ್ ಅದೇ, ಹಾಗಾಗಿ ಸ್ಕೇಲ್ ಕೆಡುವುದಿಲ್ಲ. ನೋಟ್ ಉದ್ದವಾಗಿದ್ದಕ್ಕೇ ಚೆನ್ನಾಗಿ ಕೇಳಿಸಿತು ಎನ್ನುವುದನ್ನು ಮಾತ್ರ ಮರೆಯಬೇಡಿ, ಅಷ್ಟು ಉದ್ದ ನಿಲ್ಲುವುದನ್ನು ಮುಂದಿನ ಸಲ ಕೈಯಲ್ಲೇ ಬರೆದು ನೋಡಿ.

ಪ್ರಶ್ನೆ: ನನ್ನ ಬೀಟ್ ಕೇಳಿ ಗೆಳೆಯ ತುಂಬ ಚೆನ್ನಾಗಿದೆ ಎಂದ. ಆದರೆ ಹಾಡಲು ಕೂತರೆ ಆಗುತ್ತಿಲ್ಲ, ಜಾಗ ಸಿಗುತ್ತಿಲ್ಲ ಎನ್ನುತ್ತಾನೆ. ಏನರ್ಥ?

ಉತ್ತರ: ಅರ್ಥ ಏನೆಂದರೆ, ನಿಮ್ಮ ಮೆಲೊಡಿಯೇ ಹಾಡುತ್ತಿದೆ. ಇನ್ನೊಬ್ಬರು ಹಾಡಲು ಜಾಗ ಉಳಿದಿಲ್ಲ.

ನಾನು ಮೊದಲು ಒಬ್ಬರಿಗೆ ಬೀಟ್ ಕೊಟ್ಟಾಗ ಇದೇ ಆಯಿತು. ಲೀಡ್, ಅಂದರೆ ಮುಖ್ಯ ಮೆಲೊಡಿ ಇತ್ತು, ಅದಕ್ಕೆ ಉತ್ತರ ಕೊಡುವ ಇನ್ನೊಂದು ಮೆಲೊಡಿ ಇತ್ತು, ಹಿಂದೆ ಪ್ಯಾಡ್, ನಡುವೆ ಒಂದು ಕೊಳಲು. ಒಂದು ವಾರದ ಕೆಲಸ. ಅವರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಎರಡು ಸಲ ಪೂರ್ತಿ ಕೇಳಿದರು. ಆಮೇಲೆ ಹೆಡ್‌ಫೋನ್ ತೆಗೆದು, ಇದರಲ್ಲಿ ನಾನು ಎಲ್ಲಿ ಇರಲಿ ಎಂದು ಕೇಳಿದರು. ಬೈದದ್ದಲ್ಲ, ನಿಜವಾಗಿಯೂ ಕೇಳಿದ್ದು. ಅವರ ಎದುರಿಗೇ ಒಂದೊಂದು ಟ್ರ್ಯಾಕ್ ಮ್ಯೂಟ್ ಮಾಡುತ್ತ ಹೋದೆ. ಕೊಳಲು ಹೋಯಿತು, ಎರಡನೇ ಮೆಲೊಡಿ ಹೋಯಿತು. ಲೀಡ್ ಮಾತ್ರ ಉಳಿದಾಗ ಅವರು ತನ್ನಷ್ಟಕ್ಕೆ ಗುನುಗಲು ಶುರು ಮಾಡಿದರು. ಗುನುಗಿದ್ದು ಎಲ್ಲಿ ಗೊತ್ತಾ? ಪ್ರತಿ ಬಾರ್‌ನ ಕೊನೆಯಲ್ಲಿ, ಲೀಡ್ ಸುಮ್ಮನಾಗುವ ಆ ಕಾಲು ಬಾರ್‌ನಲ್ಲಿ.

ಹಾಗಾಗಿ ಖಾಲಿ ಜಾಗವನ್ನು ಮೊದಲೇ ಇಟ್ಟು ಬರೆಯಿರಿ. ಬಾರ್‌ನ ಕೊನೆಯ ನಾಲ್ಕು ಸ್ಟೆಪ್ ಖಾಲಿ ಇಡಿ ಎಂದು ಮೇಲೆ ಹೇಳಿದ್ದು ಇದಕ್ಕೂ ಸೇರಿಯೇ. ಆ ಖಾಲಿ ತೀರಾ ಬರಿದು ಅನ್ನಿಸಿದರೆ ನೋಟ್ ತುಂಬಬೇಡಿ, ಡಿಲೇ ಹಾಕಿ. 140 ಟೆಂಪೋಗೆ 321 ಮಿಲಿಸೆಕೆಂಡ್ ಇಟ್ಟರೆ ಮೂರು ಸ್ಟೆಪ್ ಬಿಟ್ಟು ಪ್ರತಿಧ್ವನಿ ಬರುತ್ತದೆ, ಹೋಗಿಬಿಟ್ಟ ನೋಟ್‌ನ ನೆರಳಿನ ಹಾಗೆ. ನೆರಳಿನ ಮೇಲೆ ಹಾಡಬಹುದು, ನೋಟ್ ಮೇಲೆ ಹಾಡುವುದು ಕಷ್ಟ. ಇನ್ನೊಂದು, ಲೀಡ್ ಅನ್ನು ಹಾಡುವವರ ಗಂಟಲು ಓಡಾಡುವ ಎತ್ತರದಲ್ಲೇ ಇಡಬೇಡಿ. ಒಂದು ಆಕ್ಟೇವ್ ಮೇಲೆ ಬೆಲ್‌ನಲ್ಲಿ ಇಟ್ಟರೆ ಇಬ್ಬರೂ ಜಗಳವಿಲ್ಲದೆ ಇರುತ್ತಾರೆ.

ಪ್ರಶ್ನೆ: ನಾಲ್ಕು ಬಾರ್ ಲೂಪ್ ಚೆನ್ನಾಗಿ ಬರುತ್ತದೆ. ಅದನ್ನೇ ಮೂರು ನಿಮಿಷ ಓಡಿಸಿದರೆ ನನಗೇ ಬೇಜಾರು. ಪ್ರತಿ ಎಂಟು ಬಾರ್‌ಗೆ ಹೊಸ ಮೆಲೊಡಿ ಬರೆಯಬೇಕಾ?

ಉತ್ತರ: ಬೇಡವೇ ಬೇಡ. ಹೊಸದು ಬರೆಯುತ್ತ ಹೋದರೆ ಯಾವುದೂ ಕೇಳುವವರ ಬಾಯಿಗೆ ಬರುವುದಿಲ್ಲ. ಇರುವುದನ್ನೇ ಬೇರೆ ಬೆಳಕಿನಲ್ಲಿ ತೋರಿಸಿ. ಮೂರು ನಿಮಿಷ ಎಂದರೆ 140ರಲ್ಲಿ 105 ಬಾರ್, ಆದರೆ ಹಾಡುವವರು ಬಂದ ಮೇಲೆ ಬದಲಾವಣೆಯ ಅರ್ಧ ಭಾರ ಅವರೇ ಹೊರುತ್ತಾರೆ. ಶುರುವಿನಲ್ಲಿ ಮೆಲೊಡಿಯ ಮೇಲಿನ ಸದ್ದೆಲ್ಲ ಫಿಲ್ಟರ್‌ನಲ್ಲಿ ಕತ್ತರಿಸಿ, ಪಕ್ಕದ ಕೋಣೆಯಿಂದ ಬರುವ ಹಾಗೆ ಕೇಳಿಸಿ, 808 ಬರುವಾಗ ತೆರೆಯಿರಿ. ಎರಡನೇ ಚರಣಕ್ಕೆ ಮೆಲೊಡಿ ಪೂರ್ತಿ ತೆಗೆದು ಎಂಟು ಬಾರ್ ಬರೀ ಡ್ರಮ್ ಮತ್ತು 808 ಬಿಡಿ. ಅದು ಮತ್ತೆ ಬಂದಾಗ ಹೊಸದೇ ಬಂದಷ್ಟು ಖುಷಿಯಾಗುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದ ದಾರಿ ಇನ್ನೊಂದಿದೆ. ಮೆಲೊಡಿ ಹಾಗೇ ಇರಲಿ, ಕೆಳಗಿನ ಬೇಸ್ ಬದಲಾಯಿಸಿ. ನಮ್ಮ ಲೂಪ್‌ನಲ್ಲಿ ಎ, ಜಿ, ಎಫ್, ಇ ಇತ್ತಲ್ಲ, ಹುಕ್‌ಗೆ (ಪಲ್ಲವಿಗೆ) ಬಂದಾಗ ಮೊದಲ ಬಾರ್‌ನ ಎ ಬದಲು ಎಫ್ ಇಟ್ಟು ನೋಡಿ. ಮೇಲೆ ಅದೇ ಇ, ಡಿ, ಸಿ. ಆದರೆ ನೆಲವೇ ಸರಿದ ಹಾಗಾಗುತ್ತದೆ. ಒಂದೇ ಮಾತನ್ನು ಇನ್ನೊಬ್ಬರು ಹೇಳಿದ ಹಾಗೆ.

ಮತ್ತೆ ವೆಲಾಸಿಟಿ, ಅಂದರೆ ನೋಟ್ ಒತ್ತುವ ಬಲ. ಎಲ್ಲ ನೋಟ್ 100ರಲ್ಲೇ ಇದ್ದರೆ ಎಂಥ ಮೆಲೊಡಿಯೂ ಯಂತ್ರದ ಹಾಗೆ ಕೇಳಿಸುತ್ತದೆ. ಇ ಗೆ 95, ಡಿ ಗೆ 60, ಸಿ ಗೆ 80 ಹೀಗೆ ಕೊಟ್ಟು ನೋಡಿ. ನಡುವಿನ ನೋಟ್ ಅನ್ನು ಬೆರಳು ತಾಗಿಸಿ ದಾಟಿದ ಹಾಗಿರಬೇಕು.

ಪ್ರಶ್ನೆ: ನನಗೆ ಕೀಬೋರ್ಡ್ ಬರುವುದಿಲ್ಲ, ಮೌಸ್‌ನಲ್ಲೇ ನೋಟ್ ಹಾಕುತ್ತೇನೆ. ತಲೆಯಲ್ಲಿ ಮೆಲೊಡಿ ಇರುತ್ತದೆ, ಪಿಯಾನೋ ರೋಲ್ ತೆರೆದ ಕೂಡಲೇ ಮಾಯ. ಕೀಬೋರ್ಡ್ ಕಲಿತ ಮೇಲೆ ಶುರು ಮಾಡಲಾ?

ಉತ್ತರ: ಕಾಯಬೇಡಿ. ಕೀಬೋರ್ಡ್ ಜೊತೆಜೊತೆಗೆ ಕಲಿಯಬಹುದು. ನಿಮಗೆ ಬೇಕಾದ ವಾದ್ಯ ಆಗಲೇ ಗಂಟಲಲ್ಲಿದೆ. ಹೆಡ್‌ಫೋನ್‌ನಲ್ಲಿ ಡ್ರಮ್ ಮತ್ತು ನಾಲ್ಕು 808 ನೋಟ್ ಮಾತ್ರ ಓಡಲಿ, ಸ್ಕ್ರೀನ್ ಆರಿಸಿ, ಫೋನ್‌ನಲ್ಲಿ ರೆಕಾರ್ಡರ್ ಹಾಕಿ ಹತ್ತು ನಿಮಿಷ ಗುನುಗಿ. ಗುನುಗುವಾಗ ಉಸಿರಿಗೆ ನಿಲ್ಲಲೇಬೇಕಾಗುತ್ತದೆ, ಹಾಗಾಗಿ ಬಿಡುವು ತಾನಾಗೇ ಬರುತ್ತದೆ, ಮೌಸ್‌ಗೆ ಆ ಉಸಿರಿಲ್ಲ. ಆಮೇಲೆ ರೆಕಾರ್ಡಿಂಗ್ ಕೇಳಿ, ನೀವೇ ಎರಡು ಮೂರು ಸಲ ಮರಳಿ ಬಂದ ತುಣುಕು ಯಾವುದು ಎಂದು ನೋಡಿ. ಅದೇ ನಿಮ್ಮ ಮೆಲೊಡಿ.

ಅದನ್ನು ಪಿಯಾನೋ ರೋಲ್‌ಗೆ ತರುವಾಗ ಮೊದಲ ನೋಟ್‌ನಿಂದ ಶುರು ಮಾಡಬೇಡಿ. ತುಣುಕು ಎಲ್ಲಿ ನಿಂತಿತೋ ಆ ಕೊನೆಯ ನೋಟ್ ಮೊದಲು ಹುಡುಕಿ, ಒಂದೊಂದೇ ಕೀ ಒತ್ತುತ್ತ, ಗುನುಗುತ್ತ. ಅದು ಸಿಕ್ಕರೆ ಉಳಿದವು ಅದರ ಅಕ್ಕಪಕ್ಕದಲ್ಲೇ ಇರುತ್ತವೆ. ಸ್ಕೇಲ್ ಹೈಲೈಟ್ ಆಮೇಲೆ ಹಾಕಿ. ಒಂದು ನೋಟ್ ಸ್ಕೇಲ್‌ನಿಂದ ಹೊರಗೆ ಬಿದ್ದಿದ್ದರೆ ತಕ್ಷಣ ತಿದ್ದಬೇಡಿ, ಸ್ಕೇಲ್ ಒಳಗಿನ ಪಕ್ಕದ ನೋಟ್ ಜೊತೆ ಹೋಲಿಸಿ ಕೇಳಿ, ಹೊರಗಿನದೇ ಸರಿ ಅನ್ನಿಸಿದರೆ ಇರಲಿ. ಕಟ್ಟಿದ ಮೇಲೆ ನನಗೆ ಕಳಿಸುವಾಗ ಗುನುಗಿದ ರೆಕಾರ್ಡಿಂಗ್ ಕೂಡ ಜೊತೆಗೆ ಕಳಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳುತ್ತೇನೆ.